ಸಾಕು ಅನ್ನಬೇಕಾದವಳು

ನಮ್ಮ ಚಿಕ್ಕಮ್ಮನ ವಯಸ್ಸೆಷ್ಟು ಎಂದು ಕೇಳಬೇಡಿ. ಕೇಳಲೇಬೇಕು ಅನ್ನಿಸಿದರೆ ಅವಳ ಕೈಯಲ್ಲಿ ಇಸ್ತ್ರಿಪೆಟ್ಟಿಗೆ ಇಲ್ಲದ ಹೊತ್ತು ನೋಡಿಕೊಂಡು ಕೇಳಿ. ಅಂಥ ಹೊತ್ತು ಸಿಗುವುದು ಅಪರೂಪ. ನಮ್ಮದು ಡ್ರೈಕ್ಲೀನಿಂಗ್ ಅಂಗಡಿ. ಬಾಗಿಲಲ್ಲೇ ಗಲ್ಲಾ, ಗಲ್ಲಾದ ಹಿಂದೆ ಮೆತ್ತೆ ಹಾಕಿದ ಕುರ್ಚಿ, ಕುರ್ಚಿಯಲ್ಲಿ ನನ್ನ ಅಮ್ಮ. ಅವಳ ಬೆನ್ನ ಹಿಂದೆ ಪ್ಲಾಸ್ಟಿಕ್ ಕವರು ತೊಟ್ಟು ನೇತಾಡುವ ಕೋಟುಗಳ ಸಾಲು. ಅದನ್ನು ಸರಿಸಿಕೊಂಡು ಒಳಗೆ ಹೋದರೆ ಹಬೆ ತುಂಬಿದ ಕೋಣೆ. ಅಲ್ಲಿ ಇಸ್ತ್ರಿ ಮೇಜು, ಮೇಜಿನ ಮುಂದೆ ನಿಂತ ಚಿಕ್ಕಮ್ಮ. ಕಲೆ ತೆಗೆಯುವುದು ನನ್ನ ಕೆಲಸ. ಬಟ್ಟೆಯನ್ನು ಮನೆಮನೆಗೆ ಮುಟ್ಟಿಸುವುದು ಚಿಕ್ಕಪ್ಪನ ಕೆಲಸ; ಮುಟ್ಟಿಸಿದ ಮನೆಯಲ್ಲೆಲ್ಲ ಕೂತು ಹರಟೆ ಕೊಚ್ಚುವುದೂ ಅವನದೇ. ಯಂತ್ರಗಳನ್ನು ನೋಡಿಕೊಳ್ಳುವುದು ನನ್ನ ಅಪ್ಪ. ಅವರಿಗೆ ಯಂತ್ರಗಳ ಜೊತೆಗೇ ಹೆಚ್ಚು ಮಾತು.

ಅಮ್ಮ ಈ ಮನೆಗೆ ಹಿರಿಯ ಸೊಸೆಯಾಗಿ ಬಂದಳು. ಚಿಕ್ಕಮ್ಮ ಆಮೇಲೆ ಕಿರಿಯ ಸೊಸೆಯಾಗಿ ಬಂದಳು. ಬಂದ ಗಳಿಗೆಯಿಂದಲೇ ಅಮ್ಮನನ್ನು 'ಅಕ್ಕಾ' ಎಂದು ಕರೆಯಬೇಕಾಯಿತು. ಓರಗಿತ್ತಿಯರಲ್ಲಿ ಅದು ಸಹಜ. ಅಣ್ಣನ ಹೆಂಡತಿ ಅಕ್ಕ, ತಮ್ಮನ ಹೆಂಡತಿ ತಂಗಿ. ತಕರಾರು ಎಲ್ಲಿ ಅಂದರೆ, ವಯಸ್ಸಿನಲ್ಲಿ ಚಿಕ್ಕಮ್ಮ ಅಮ್ಮನಿಗಿಂತ ಮೂರು ವರ್ಷ ದೊಡ್ಡವಳು. ಇಬ್ಬರೂ ಒಂದೇ ಶಾಲೆಯಲ್ಲಿ ಓದಿದವರು, ಆದ್ದರಿಂದ ಅಮ್ಮನಿಗೂ ಇದು ಚೆನ್ನಾಗಿಯೇ ಗೊತ್ತು. ಗೊತ್ತಿದ್ದೂ ಗೊತ್ತಿಲ್ಲದವಳ ಹಾಗೆ ಕುರ್ಚಿಯಲ್ಲಿ ಕೂತು, "ಏಯ್, ಆ ನೀಲಿ ಕೋಟು ಆಯ್ತೇನೇ?" ಎಂದು ಒಳಕ್ಕೆ ಕೂಗುತ್ತಾಳೆ. ಒಳಗಿನಿಂದ, "ಆಯ್ತು ಅಕ್ಕಾ, ತರ್ತೀನಿ ಅಕ್ಕಾ" ಎಂದು ಉತ್ತರ ಬರುತ್ತದೆ. ಒಂದೊಂದು 'ಅಕ್ಕಾ'ಗೂ ಇಸ್ತ್ರಿಪೆಟ್ಟಿಗೆ ಕುಕ್ಕಿದ ಸದ್ದೂ ಕೇಳಿಸುತ್ತದೆ.

ಹಾಗಿದ್ದರೆ ಬಾಯಿಬಿಟ್ಟು ಹೇಳಬಹುದಿತ್ತಲ್ಲ ಅನ್ನುತ್ತೀರಾ? ಪೇಚು ಇರುವುದೇ ಅಲ್ಲಿ. ಚಿಕ್ಕಮ್ಮ ತನ್ನ ಗಂಡನಿಗಿಂತಲೂ ಎರಡು ವರ್ಷ ದೊಡ್ಡವಳು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರಲ್ಲ, ಆ ಸಾವಿರದಲ್ಲಿ ಇದೂ ಒಂದು. ಮದುವೆ ದಲ್ಲಾಳಿ ಅವಳ ವಯಸ್ಸಿನಿಂದ ನಾಲ್ಕು ವರ್ಷ ಎಗರಿಸಿದ್ದ. ಆಮೇಲೆ ಮಾಡಿಸಿದ ಪಾಸ್‌ಪೋರ್ಟಿನಲ್ಲೂ ದಲ್ಲಾಳಿ ಹೇಳಿದ ವಯಸ್ಸೇ ಇದೆ. ಚಿಕ್ಕಪ್ಪನೋ, ವಾದದಲ್ಲಿ ಸೋಲುವ ಹೊತ್ತಿಗೆ ಸರಿಯಾಗಿ, "ನಾನು ನಿನಗಿಂತ ದೊಡ್ಡವನು ಕಣೇ, ನನಗೆ ಗೊತ್ತಿಲ್ವಾ?" ಎಂದು ಒಂದೇ ಒಗ್ಗರಣೆ ಹಾಕುವ ಗಂಡಸು. ಅವನಿಗೆ ನಿಜ ಗೊತ್ತಾದರೆ ಮುಖ ಹೇಗೆ ತೋರಿಸಲಿ ಎಂಬುದು ಅವಳ ಭಯ. ಇದನ್ನೆಲ್ಲ ಅವಳೇ ನನಗೆ ಒಂದು ಮಧ್ಯಾಹ್ನ ಹೇಳಿದ್ದಳು. ಹೇಳಿ ಮುಗಿಸಿದ ಮೇಲೆ ಕಾದ ಇಸ್ತ್ರಿಪೆಟ್ಟಿಗೆಯನ್ನು ನನ್ನ ಮೂಗಿನ ಹತ್ತಿರ ಹಿಡಿದು, "ಎಲ್ಲಾದ್ರೂ ಬಾಯಿ ಬಿಟ್ಟೆ ಅಂದ್ರೆ ನಿನಗೇ ಗೆರೆ ಹಾಕ್ಬಿಡ್ತೀನಿ" ಅಂದಿದ್ದಳು.

ಮೊನ್ನೆ ನಮಗೆ ಯಂತ್ರ ಮಾರುವ ಕಂಪನಿಯವರು, ಹಳೆಯ ಗಿರಾಕಿಗಳು ಎಂದು, ನಾಲ್ಕು ಜನರನ್ನು ವಿದೇಶ ಪ್ರವಾಸಕ್ಕೆ ಕಳಿಸಿದರು. ಅಪ್ಪ ಯಂತ್ರಗಳನ್ನು ಬಿಟ್ಟು ಬರಲೊಪ್ಪಲಿಲ್ಲ. ಅಮ್ಮ, ಚಿಕ್ಕಮ್ಮ, ಚಿಕ್ಕಪ್ಪ, ನಾನು ಹೊರಟೆವು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಈ ಮೂವರ ಜೊತೆ ಒಂದೇ ಹೋಟೆಲು, ಒಂದೇ ಬಸ್ಸು ಅಂದರೆ ಕೋಪಕ್ಕೆ ಇಳಿದು ನಿಲ್ಲುವುದಕ್ಕೂ ಜಾಗವಿರಲಿಲ್ಲ.

ಹೋಟೆಲಿನಲ್ಲಿ ಕಿಟಕಿ ಪಕ್ಕದ ಹಾಸಿಗೆ ಅಮ್ಮನದು, ಯಾಕೆಂದರೆ ಹಿರಿಯಳು. ಬಚ್ಚಲು ಮನೆಗೆ ಮೊದಲು ಹೋಗುವವಳು ಅಮ್ಮ. ಬಸ್ಸಿನಲ್ಲಿ ಚಾಲಕನ ಹಿಂದಿನ ಸೀಟು ಅಮ್ಮನದು. ಚಿಕ್ಕಮ್ಮನಿಗೆ ಚಕ್ರದ ಮೇಲಿನ ಸೀಟು, ಪಾದ ಊರಲು ಜಾಗವಿಲ್ಲ. ನಮ್ಮನ್ನು ತಿರುಗಿಸಲು ಊರಿನಿಂದಲೇ ಬಂದಿದ್ದ ಗೈಡು ಸದಾ ಒಂದು ಕೆಂಪು ಕೊಡೆಯನ್ನು ಎತ್ತಿ ಹಿಡಿದು ಮುಂದೆ ನಡೆಯುತ್ತಿದ್ದ. ಅವನಿಗೆ ಕೊಡೆಯಣ್ಣ ಎಂದೇ ಹೆಸರಾಯಿತು. ಅವನೂ ಎರಡನೆಯ ದಿನದಿಂದಲೇ, "ದೊಡ್ಡಮ್ಮಾವ್ರು ಮೊದಲು ಇಳೀಲಿ" ಎಂದು ಶುರು ಮಾಡಿದ. ಎಲ್ಲಿ ಹೋದರೂ ಈ ಚಾಕರಿ ತಪ್ಪುವುದಿಲ್ಲ ಎಂದು ಚಿಕ್ಕಮ್ಮ ನನ್ನ ಕಿವಿಯಲ್ಲಿ ಗೊಣಗಿದಳು.

ಅವತ್ತು ಸಂಜೆ ನಮ್ಮನ್ನು ಒಂದು ಸಾಂಪ್ರದಾಯಿಕ ನೃತ್ಯಕ್ಕೆ ಕರೆದೊಯ್ದರು. ದೊಡ್ಡ ಜಾಗವೇನಲ್ಲ. ಹೊರಗೆ ಕಾಫಿ ಯಂತ್ರ, ಕೋಟು ತೂಗುಹಾಕುವ ಮೂಲೆ, ಒಳಗೆ ಮಡಚುವ ಕುರ್ಚಿಗಳು, ಮುಂದೆ ಮರದ ವೇದಿಕೆ. ಅರ್ಧ ಹಾಲ್ ತುಂಬ ನಮ್ಮಂತೆಯೇ ಊರ ಕಡೆಯಿಂದ ಬಂದ ನಮ್ಮ ಬಸ್ಸಿನವರು, ಇನ್ನರ್ಧ ಬೇರೆ ಯಾವುದೋ ದೇಶದ ಇನ್ನೊಂದು ಬಸ್ಸಿನವರು. ವೇದಿಕೆಯ ಕೆಳಗೆ, ಎಲ್ಲರಿಗಿಂತ ಮುಂದೆ, ಒಂದೇ ಒಂದು ಕುರ್ಚಿ ಇಟ್ಟಿದ್ದರು. ಎತ್ತರದ ಬೆನ್ನು, ಕೆತ್ತನೆಯ ಕೈಗಳು, ಕೆಂಪು ಮಖಮಲ್ಲು. ಅದಕ್ಕೊರಗಿಸಿ ಹಿತ್ತಾಳೆ ಹಿಡಿಯ ಒಂದು ದೊಣ್ಣೆ. ಮಖಮಲ್ಲಿನ ಮೇಲೆ ಎಣ್ಣೆ ಕಲೆ ಇತ್ತು. ಸೀಮೆಸುಣ್ಣದ ಪುಡಿ ಉದುರಿಸಿಟ್ಟರೆ ಹೋಗುತ್ತದೆ, ಇವರಿಗೆ ಯಾರೂ ಹೇಳಿಲ್ಲ ಎಂದು ನನಗೆ ಸಿಟ್ಟು ಬಂತು.

ಜರಿ ಅಂಚಿನ ಕೋಟು ತೊಟ್ಟ ದುಂಡನೆಯ ನಿರೂಪಕ ಮೈಕಿನ ಮುಂದೆ ನಿಂತು ಏನೇನೋ ಹೇಳಿದ. ಕೊಡೆಯಣ್ಣ ಕೊಡೆ ಮಡಚಿ ನಮಗೆ ಬಿಡಿಸಿ ಹೇಳಿದ.

"ನೋಡಿ, ಇಲ್ಲಿ ಇರೋರಲ್ಲಿ ಯಾರು ಎಲ್ಲರಿಗಿಂತ ಹಿರಿಯರೋ ಅವರು ಆ ಕುರ್ಚೀಲಿ ಕೂರಬೇಕಂತೆ. ಅವರು ದೊಣ್ಣೆ ನೆಲಕ್ಕೆ ಕುಟ್ಟಿದ್ರೆ ಕುಣಿತ ಶುರು. ಇನ್ನೊಂದು ಸಲ ಕುಟ್ಟಿದ್ರೆ ಮುಗೀತು. ಹಿರಿಯರು ಸಾಕು ಅನ್ನೋ ತನಕ ಇವರು ನಿಲ್ಲಿಸೋ ಹಾಗಿಲ್ಲ. ತಲೆತಲಾಂತರದಿಂದ ಬಂದಿದ್ದಂತೆ."

ಅವನ ಮಾತು ಮುಗಿಯುವ ಮೊದಲೇ ನಮ್ಮ ಬಸ್ಸಿನವರೆಲ್ಲ ಅಮ್ಮನ ಕಡೆ ತಿರುಗಿದರು. ಅಮ್ಮ ಆಗಲೇ ಎದ್ದು ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಯಾರನ್ನೂ ಕೇಳುವ ಪ್ರಶ್ನೆಯೇ ಇಲ್ಲ. ಕುರ್ಚಿ ಕಂಡರೆ ಅದು ತನ್ನದು ಎಂದು ಅವಳ ಸೊಂಟಕ್ಕೆ ಗೊತ್ತಾಗಿಬಿಡುತ್ತದೆ. ನಾನು ಚಿಕ್ಕಮ್ಮನ ಕಡೆ ನೋಡಿದೆ. ಅವಳು ಕುರ್ಚಿಯನ್ನೇ ನೋಡುತ್ತಿದ್ದಳು. ಅಷ್ಟು ಹಸಿದ ಮುಖವನ್ನು ನಾನು ಊಟದ ಎಲೆಯ ಮುಂದೆಯೂ ನೋಡಿಲ್ಲ.

ಅಮ್ಮ ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಆ ಕಡೆಯ ಸಾಲಿನಿಂದ ಗುಲಾಬಿ ಟೋಪಿಯ ಒಬ್ಬ ಹೆಂಗಸು ಎದ್ದಳು. ಅವಳ ಬಸ್ಸಿನವರು ಚಪ್ಪಾಳೆ ತಟ್ಟಿ ಸಿಳ್ಳೆ ಹಾಕಿದರು. ಕುರ್ಚಿಯ ಮುಂದೆ ಇಬ್ಬರೂ ಎದುರುಬದುರಾದರು. ನಿರೂಪಕ ನಕ್ಕು ಗುಲಾಬಿ ಟೋಪಿಯ ಬಾಯಿಗೆ ಮೈಕು ಹಿಡಿದ. ಅವಳು ವಯಸ್ಸು ಹೇಳಿದಳು, ಕೊಡೆಯಣ್ಣ ಅನುವಾದಿಸಿದ: "ಅರವತ್ತೆಂಟು!"

ಮೈಕು ಅಮ್ಮನ ಬಾಯಿಗೆ ಬಂತು. ಅಮ್ಮನಿಗೆ ಅರವತ್ತಾರು. ನಮ್ಮ ಸಾಲಿನಿಂದ ಒಬ್ಬರು, "ಎಪ್ಪತ್ತು ಅನ್ನಿ ಅಮ್ಮಾವ್ರೇ! ನಮ್ಮ ಮರ್ಯಾದೆ ಪ್ರಶ್ನೆ!" ಎಂದು ಕೂಗಿದರು.

"ಎಪ್ಪತ್ತಾ? ನನಗಾ?" ಅಮ್ಮ ತಿರುಗಿ ನಿಂತು ಗದರಿದಳು. "ತಿಂಗಳು ತಿಂಗಳೂ ತಲೆಗೆ ಬಣ್ಣ ಹಚ್ಕೊಳ್ಳೋದು ಎಪ್ಪತ್ತು ಅನ್ನಿಸ್ಕೊಳ್ಳೋಕಾ? ಕುರ್ಚಿ ಹೋದ್ರೆ ಹೋಗ್ಲಿ. ಅರವತ್ತಾರು. ಅದೂ ಜಾಸ್ತೀನೇ ಹೇಳಿದೀನಿ."

ಹೇಳಿ, ಗುಲಾಬಿ ಟೋಪಿಯನ್ನು ಕಣ್ಣಲ್ಲೇ ಸುಟ್ಟು, ವಾಪಸು ಬಂದು ಧಸಕ್ಕನೆ ಕೂತಳು. "ಆ ಕುರ್ಚಿಗೆ ಒಂದು ಕಾಲು ಗಿಡ್ಡ. ನಾನು ದೂರದಿಂದಲೇ ನೋಡಿದೆ" ಅಂದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮಮ್ಮ ಕೂರಲಾಗದೆ ಕುರ್ಚಿ ಡೊಂಕು ಅಂದಳು.

ಚಿಕ್ಕಮ್ಮ ಅರ್ಧ ಎದ್ದು ಮತ್ತೆ ಕೂತದ್ದನ್ನು ಕಂಡವಳು ನಾನೊಬ್ಬಳೇ. "ಚಿಕ್ಕಮ್ಮ," ಎಂದು ಅವಳ ಮೊಣಕೈ ಹಿಡಿದೆ.

"ಸುಮ್ನಿರು," ಅಂದಳು. "ನಿಮ್ಮ ಚಿಕ್ಕಪ್ಪ ಪಕ್ಕದಲ್ಲೇ ಇದಾರೆ."

ಚಿಕ್ಕಪ್ಪ ಪಕ್ಕದಲ್ಲೇ ಇದ್ದ, ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದ. ಅವನು ತೆಗೆದ ವಿಡಿಯೋಗಳಲ್ಲೆಲ್ಲ ಮುಕ್ಕಾಲು ಪಾಲು ಅವನ ಹೆಬ್ಬೆರಳೇ ಇರುತ್ತದೆ. ನಮ್ಮ ಗುಸುಗುಸು ಕೇಳಿ ಇತ್ತ ತಿರುಗಿ ಹೆಂಡತಿಗೆ ಹೇಳಿದ: "ಏನೇ ಅದು ಮಿಸುಕಾಡ್ತಿದೀಯಾ? ಇದು ದೊಡ್ಡವರ ವಿಷಯ. ನೀನು ಚಿಕ್ಕವಳು, ಸುಮ್ನೆ ಕೂತ್ಕೊಂಡು ನೋಡು."

ಈ ಮನುಷ್ಯ ಅದೊಂದು ಮಾತು ಆಡದೆ ಇದ್ದಿದ್ದರೆ ಗುಲಾಬಿ ಟೋಪಿ ಆರಾಮವಾಗಿ ಕೂತು, ಹದವಾಗಿ ಕುಣಿಸಿ, ನಮ್ಮನ್ನೆಲ್ಲ ಊಟಕ್ಕೆ ಕಳಿಸುತ್ತಿದ್ದಳು. ಚಿಕ್ಕಮ್ಮ ಎದ್ದು ನಿಂತಳು.

"ಅರವತ್ತೊಂಬತ್ತು!" ಎಂದು ಕೂಗಿದಳು. ಮೈಕು ಬೇಕಾಗಲಿಲ್ಲ.

ಕೊಡೆಯಣ್ಣನ ಬಾಯಿ ತೆರೆದೇ ಇತ್ತು. ಅನುವಾದ ಮಾಡು ಎಂದು ನಾನು ಅವನಿಗೆ ತಿವಿದೆ. ಮಾಡಿದ. ನಮ್ಮ ಬಸ್ಸಿನವರು ಹೋ ಎಂದು ಅರಚಿದರು. ಪುರಾವೆ ಗಿರಾವೆ ಎಂದು ಯಾರೂ ಕೇಳಲಿಲ್ಲ. ವಯಸ್ಸು ಕಡಿಮೆ ಮಾಡಿ ಹೇಳುವ ಹೆಂಗಸರನ್ನು ಅವರೂ ಕಂಡಿರುತ್ತಾರೆ, ಜಾಸ್ತಿ ಮಾಡಿ ಹೇಳುವವಳು ಯಾವ ದೇಶದಲ್ಲಿದ್ದಾಳೆ? ಗುಲಾಬಿ ಟೋಪಿ ದೊಡ್ಡ ಮನಸ್ಸಿನವಳು; ತಾನೇ ಚಿಕ್ಕಮ್ಮನ ಕೈ ಹಿಡಿದು ಕುರ್ಚಿಯವರೆಗೆ ಬಿಟ್ಟು ಬಂದಳು.

"ಏಯ್! ಕೂತ್ಕೊಳ್ಳೇ! ಎಲ್ಲಿಗೆ ಹೋಗ್ತಿದೀಯಾ?" ಎಂದು ಅಮ್ಮ ಹಿಂದಿನಿಂದ ಕೂಗಿದಳು. ಚಿಕ್ಕಮ್ಮ ಕೂತಳು, ಆದರೆ ಆ ಕುರ್ಚಿಯಲ್ಲಿ ಕೂತಳು. ಕೂತು ಮೊದಲು ಗಂಡನ ಕಡೆ ನೋಡಿದಳು. ಅವನು ಬೆರಳು ಮಡಿಸುತ್ತ ಲೆಕ್ಕ ಹಾಕುತ್ತಿದ್ದ, ತಲೆ ಎತ್ತಲಿಲ್ಲ. ಅವಳ ಮುಖ ಬಾಡಿತು. ಆಮೇಲೆ ಹೋಗಲಿ ಅತ್ತ ಅನ್ನುವವಳ ಹಾಗೆ ದೊಣ್ಣೆ ಎತ್ತಿ ನೆಲಕ್ಕೆ ಕುಟ್ಟಿದಳು.

ಡೋಲು ಶುರುವಾಯಿತು. ಬಿಳಿ ನೆರಿಗೆಯ ಲಂಗ ತೊಟ್ಟ ಹುಡುಗಿಯರು, ಕಪ್ಪು ಬೂಟು ತೊಟ್ಟ ಹುಡುಗರು ಕೈಕೈ ಹಿಡಿದು ಸುತ್ತತೊಡಗಿದರು. ಒಂದು ಸುತ್ತು ಮುಗಿದಾಗ ಡೋಲು ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ನಿಲ್ಲುತ್ತದೆ, ಎಲ್ಲರೂ ಒಂದು ನೆಗೆತ ನೆಗೆದು ದಿಕ್ಕು ಬದಲಿಸುತ್ತಾರೆ, ಮತ್ತೆ ಡೋಲು. ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಲಂಗಗಳು ಅರಳಿದಾಗ ಒಂದೊಂದು ನೆರಿಗೆಯೂ ಬೇರೆಬೇರೆ ಕಾಣುತ್ತಿತ್ತು. ಇಸ್ತ್ರಿ ಮಾಡಿದವರ ಕೈ ಒಳ್ಳೆಯದು ಅಂದುಕೊಂಡೆ. ಮೂರನೆಯ ಹುಡುಗನ ತೋಳಿನ ಮೇಲೆ ಮಾತ್ರ ಶಾಯಿ ಕಲೆ ಇತ್ತು, ನನ್ನ ಕಣ್ಣು ಅದನ್ನು ಬಿಟ್ಟು ಕದಲಲಿಲ್ಲ.

"ಹಾಗಾದ್ರೆ," ಎಂದ ಚಿಕ್ಕಪ್ಪ ಕೊನೆಗೆ, ಬೆರಳುಗಳನ್ನು ಬಿಡಿಸಿ. "ಹಾಗಾದ್ರೆ ನಾನು ಅವಳಿಗಿಂತ ಚಿಕ್ಕವನಾ?"

"ಹೌದು ಚಿಕ್ಕಪ್ಪ."

"ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಅತ್ತಿಗೆಗೆ?"

"ಶಾಲೆಯಿಂದಲೇ ಗೊತ್ತು."

ಚಿಕ್ಕಪ್ಪ ಗರ ಬಡಿದವನಂತೆ ಕೂತ. ನನಗೆ ಭಯವಾಯಿತು. ಇಲ್ಲೇ ರಂಪ ಮಾಡಿಬಿಟ್ಟರೆ ಏನು ಗತಿ ಎಂದು ಬಾಯಿಗೆ ಬಂದ ಸಮಾಧಾನ ಹೇಳಲು ಹೊರಟೆ. ಅಷ್ಟರಲ್ಲಿ ಅವನು ತಾನಾಗಿಯೇ, "ಅಲ್ಲಾ ಕಣೇ, ದೊಡ್ಡವನು ನಾನು ಅಂತ ಇಷ್ಟು ವರ್ಷ ಎಲ್ಲಾ ಭಾರದ ಬ್ಯಾಗೂ ನಾನೇ ಹೊತ್ತೆನಲ್ಲಾ!" ಅಂದ. "ಬಸ್ ಸ್ಟ್ಯಾಂಡಲ್ಲಿ, ರೈಲಲ್ಲಿ, ಮೊನ್ನೆ ಏರ್‌ಪೋರ್ಟಲ್ಲೂ! ಗಲಾಟೆ ಆದಾಗೆಲ್ಲ ದೊಡ್ಡವನು ನಾನೇ ಸೋಲ್ಬೇಕು ಅಂತ ಸೋತೆ!"

"ನೀವು ಯಾವತ್ತು ಸೋತಿದ್ರಿ?"

"ಮನಸ್ಸಲ್ಲಿ ಸೋಲ್ತಿದ್ದೆ," ಅಂದ. ಆಮೇಲೆ ಕುರ್ಚಿಯ ಕಡೆ ನೋಡಿದ. ಚಿಕ್ಕಮ್ಮ ಬೆನ್ನು ನೆಟ್ಟಗೆ ಮಾಡಿ, ಎರಡೂ ತೋಳುಗಳನ್ನು ಕುರ್ಚಿಯ ಕೈಗಳ ಮೇಲಿಟ್ಟು, ದೊಣ್ಣೆಯನ್ನು ಮಡಿಲಲ್ಲಿ ಅಡ್ಡಲಾಗಿ ಇಟ್ಟುಕೊಂಡು ಕೂತಿದ್ದಳು. ಕೆಲಸವಿಲ್ಲದೆ ಬರಿದೇ ಕೂತ ಚಿಕ್ಕಮ್ಮನನ್ನು ನಾವು ಯಾರೂ ನೋಡಿರಲಿಲ್ಲ. "ಹೇಗೆ ಕೂತಿದಾಳೆ ನೋಡೇ, ಮಹಾರಾಣಿ," ಎಂದು ಚಿಕ್ಕಪ್ಪ ಮೊಬೈಲು ಎತ್ತಿದ. ಹೆಬ್ಬೆರಳು ಸರಿಸಿ ಹಿಡಿ ಎಂದು ಹೇಳಿದೆ. ಸರಿಸಿದ.

ಎಲ್ಲ ಸರಿಹೋಯಿತು ಅಂದುಕೊಂಡರೆ, ಕುಣಿತ ಮುಗಿಯಲಿಲ್ಲ.

ಸಾಮಾನ್ಯವಾಗಿ ಹಿರಿಯರು ಒಂದು ಹದ ನೋಡಿ ದೊಣ್ಣೆ ಕುಟ್ಟಿಬಿಡುತ್ತಾರಂತೆ. ಆ ಹದ ಬಂತು, ದಾಟಿಯೂ ಹೋಯಿತು. ಹುಡುಗಿಯರ ಹಣೆಯ ಮೇಲೆ ಬೆವರು ಇಳಿಯಿತು. ಡೋಲಿನವನು ಕೈ ಬದಲಿಸಿದ, ಮತ್ತೆ ಬದಲಿಸಿದ. ಒಬ್ಬ ಹುಡುಗಿಯ ಸುಳ್ಳುಜಡೆ ಕಳಚಿ ಬಿತ್ತು, ಹಿಂದಿನವನು ಅದನ್ನು ತುಳಿದು ಜಾರಿ, ಪಕ್ಕದವನ ಸೊಂಟಪಟ್ಟಿ ಹಿಡಿದು ನಿಂತು, ಮತ್ತೆ ಕುಣಿದ. ನಮ್ಮ ಜನ ಅದೂ ನೃತ್ಯದ ಭಾಗ ಎಂದು ತಿಳಿದು ಚಪ್ಪಾಳೆ ತಟ್ಟಿದರು. ಮೊದಲು ಎತ್ತರಕ್ಕೆ ನೆಗೆಯುತ್ತಿದ್ದವರು ಆಮೇಲಾಮೇಲೆ ಬರೀ ಹಿಮ್ಮಡಿ ಎತ್ತತೊಡಗಿದರು. ನಿರೂಪಕ ಚಿಕ್ಕಮ್ಮನನ್ನು ನೋಡಿ ನಕ್ಕ, ಕೈಸನ್ನೆ ಮಾಡಿದ, ಕೆಮ್ಮಿದ. ಚಿಕ್ಕಮ್ಮ ಅವನಿಗೆ ತಿರುಗಿ ನಕ್ಕಳು, ಕುಟ್ಟಲಿಲ್ಲ.

ಕೊಡೆಯಣ್ಣ ಬಾಗಿ ಓಡಿಬಂದ. "ನಿಮ್ಮ ದಮ್ಮಯ್ಯ, ಹೋಗಿ ಹೇಳಿ. ಆ ಮಕ್ಕಳು ಸತ್ತೋಗ್ತಾರೆ. ಹೋಟೆಲಲ್ಲಿ ಊಟದ ಮನೆ ಬಾಗ್ಲೂ ಹಾಕ್ಬಿಡ್ತಾರೆ."

ಊಟದ ಮಾತಿಗೆ ನಾನು ಎದ್ದೆ. ಬಗ್ಗಿಕೊಂಡು ಹೋಗಿ ಕುರ್ಚಿಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತು, "ಚಿಕ್ಕಮ್ಮ, ಸಾಕು, ಕುಟ್ಟಿ. ಪಾಪ ಅವರು," ಅಂದೆ.

"ನನಗೂ ಪಾಪ ಅನ್ನಿಸ್ತಿದೆ," ಅಂದಳು ಚಿಕ್ಕಮ್ಮ. "ನಿಮ್ಮಮ್ಮ ಬಂದು ಹೇಳ್ಲಿ."

"ಏನಂತ ಹೇಳ್ಬೇಕು?"

"ಅಕ್ಕಾ, ಸಾಕು ಅಂತ ಹೇಳ್ಬೇಕು. ನಿಮ್ಮಮ್ಮನ ಬಾಯಲ್ಲಿ ಆ ಒಂದು ಮಾತು ಬಂದ ತಕ್ಷಣ ಕುಟ್ತೀನಿ. ಅಲ್ಲೀ ತನಕ ಇಲ್ಲ." ಅವಳ ಕಣ್ಣು ತುಂಬಿತ್ತು, ಆದರೂ ದೊಣ್ಣೆ ಹಿಡಿದ ಮುಷ್ಟಿ ಬಿಗಿಯಾಗಿತ್ತು. "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರಲ್ಲ. ಓರಗಿತ್ತಿಗೆ ಯಾವ ಕಾಲಾನೂ ಇಲ್ವಾ? ಈಗ ಹೇಗೂ ಗುಟ್ಟು ಬಿಟ್ಟಾಗಿದೆ. ಗಂಡನ ಮುಂದೆ ಮಾನ ಹೋಗಿದ್ದು ಹೋಯ್ತು, ಅದಕ್ಕೆ ತಕ್ಕ ಹಾಗೆ ಏನಾದ್ರೂ ಬರ್ಲಿ."

ನಾನು ಅಮ್ಮನ ಹತ್ತಿರ ಬಂದು ವಿಷಯ ಹೇಳಿದೆ. ಅಮ್ಮ ನನಗೇ ಮಂಗಳಾರತಿ ಎತ್ತಿದಳು. "ಅವಳಿಗೆ ತಲೆ ಕೆಟ್ಟಿದೆ, ನಿನಗೂ ಕೆಟ್ಟಿದ್ಯಾ? ನಾನು ಅವಳನ್ನ ಅಕ್ಕ ಅನ್ಬೇಕಾ? ಮನೆ ಹಿರೀ ಸೊಸೆ ನಾನು!"

"ಅಮ್ಮಾ, ಒಂದು ಮಾತಿಗೆ ನಿನ್ನ ಗಂಟೇನು ಹೋಗುತ್ತೆ?"

"ಗಂಟೇ ಹೋಗುತ್ತೆ ಕಣೇ!" ಅಮ್ಮನ ದನಿ ಒಮ್ಮೆಲೇ ಸಣ್ಣದಾಯಿತು. "ನಿನಗೆ ಕಲೆ ತೆಗೆಯೋದು ಬರುತ್ತೆ. ಅವಳು ಇಸ್ತ್ರಿ ಹಾಕಿದ್ರೆ ಜನ ಹುಡುಕ್ಕೊಂಡು ಬರ್ತಾರೆ. ನನಗೆ ಏನು ಬರುತ್ತೆ ಹೇಳು? ಹಿರಿಯಳು ಅಂತ ಒಂದು ಕುರ್ಚಿ ಕೊಟ್ಟಿದೀರಿ, ಕೂತಿದೀನಿ. ಅದೂ ಅಲ್ಲ ಅಂದ್ರೆ ನಾನು ಆ ಅಂಗಡೀಲಿ ಯಾರು?"

ನಮ್ಮಮ್ಮ ಅಷ್ಟು ದರ್ಬಾರು ನಡೆಸುವುದು ಹೆದರಿಕೆಯಿಂದ ಎಂದು ನನಗೆ ಆವರೆಗೆ ಹೊಳೆದೇ ಇರಲಿಲ್ಲ. ಅಷ್ಟರಲ್ಲಿ ವೇದಿಕೆಯ ಮೇಲೆ ಶಾಯಿ ಕಲೆಯ ಹುಡುಗ ಒಂದು ಬೂಟು ಕಳೆದುಕೊಂಡು ಕುಂಟಿ ಕುಂಟಿ ಕುಣಿಯತೊಡಗಿದ. ಬೂಟು ಹಾರಿಬಂದು ನಮ್ಮ ಸಾಲಿನ ಒಬ್ಬರ ಮಡಿಲಿಗೆ ಬಿತ್ತು. ಅವರು ಅದನ್ನು ಪ್ರಸಾದದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡು ಏನು ಮಾಡಬೇಕೆಂದು ತಿಳಿಯದೆ ಕೂತರು. ನನ್ನ ಓಡಾಟ ಕಂಡ ಇಡೀ ಹಾಲ್ ಈಗ ಅಮ್ಮನ ಕಡೆಗೇ ನೋಡುತ್ತಿತ್ತು.

"ಥತ್, ಏನು ಕರ್ಮ," ಎಂದು ಅಮ್ಮ ಎದ್ದಳು, ನಾನೂ ಹಿಂದೆಯೇ ಹೋದೆ.

ಕುರ್ಚಿಯ ಮುಂದೆ ಹೋಗಿ ಸೊಂಟದ ಮೇಲೆ ಕೈಯಿಟ್ಟು ನಿಂತು, "ಏಯ್, ಸಾಕು, ಕುಟ್ಟು," ಅಂದಳು. ಹೀಗೆ ಹೇಳಿದ್ದನ್ನು ಚಿಕ್ಕಮ್ಮ ಕೇಳದೆ ಇದ್ದ ಉದಾಹರಣೆಯೇ ಇಲ್ಲ. ಇವತ್ತು ಅವಳು ವೇದಿಕೆಯ ಕಡೆಗೇ ನೋಡುತ್ತ ಕೂತಳು. "ಕುಟ್ಟು ಅಂದೆ ಕಣೇ!" ಉಹೂಂ. "ನಿನ್ನ ಕಾಲಿಗೆ ಬೀಳ್ತೀನಿ ಮಾರಾಯ್ತಿ, ಕುಟ್ಟೇ!"

"ಕಾಲಿಗೆ ಬೀಳೋದು ಬೇಡ," ಅಂದಳು ಚಿಕ್ಕಮ್ಮ. "ಬೆಳಗಿಂದ ಸಂಜೆ ತನಕ ನಿಮ್ಮನ್ನ ಅಕ್ಕಾ ಅಕ್ಕಾ ಅಂತ ಕೂಗಿದೀನಿ. ನನ್ನ ನಾಲಿಗೆ ಏನು ಸವೆದು ಹೋಯ್ತಾ? ನೀವು ಒಂದು ಸಲ ಅನ್ನಿ. ನನಗೆ ಆಸೆ. ಅಷ್ಟೇ. ನಾಚಿಕೆ ಬಿಟ್ಟು ಹೇಳ್ತಿದೀನಿ, ನನಗೆ ಆಸೆ."

ಅಮ್ಮನ ತುಟಿ ಅಲುಗಿದ್ದು ನನಗೆ ಕಂಡಿತು. ಏನೋ ಅಂದಳು.

"ಡೋಲಿನ ಸದ್ದಲ್ಲಿ ಕೇಳಿಸ್ಲಿಲ್ಲ," ಅಂದಳು ಚಿಕ್ಕಮ್ಮ. ಸುಳ್ಳು. ಪಕ್ಕದಲ್ಲಿ ನಿಂತಿದ್ದ ನನಗೆ ಕೇಳಿಸಿತ್ತು.

ಅಮ್ಮನಿಗೆ ರೇಗಿತು. ಶಕ್ತಿಯೆಲ್ಲ ಬಿಟ್ಟು, "ಅಕ್ಕಾ!" ಎಂದು ಕಿರುಚಿದಳು.

ಡೋಲು ಉಸಿರಿಗೆಂದು ನಿಂತ ಗಳಿಗೆ ಅದು. ಆ ಕೂಗು ಹಾಲ್‌ನ ಗೋಡೆಗೋಡೆಗೆ ಬಡಿಯಿತು. ಕುಣಿಯುವವರೂ ಬೆಚ್ಚಿ ತಿರುಗಿ ನೋಡಿದರು. ಹಿರಿಯರನ್ನು ಒಲಿಸಿಕೊಳ್ಳಲು ಕೂಗಬೇಕಾದ ಮಂತ್ರವೇ ಇದು ಎಂದುಕೊಂಡಳೋ ಏನೋ, ಗುಲಾಬಿ ಟೋಪಿ ಎದ್ದು ನಿಂತು ಎರಡೂ ಕೈ ಎತ್ತಿ, "ಅಕ್ಕಾ!" ಎಂದಳು. ಅವಳ ಬಸ್ಸಿನವರೂ "ಅಕ್ಕಾ!" ಎಂದರು. ನಮ್ಮ ಬಸ್ಸಿನವರು ಬಿಡುತ್ತಾರೆಯೇ? ಅವರೂ ಅಂದರು. ನಿರೂಪಕ ಮೈಕಿನಲ್ಲೇ ಅಂದ. ಬೂಟು ಹಿಡಿದಿದ್ದವರು ಬೂಟು ಎತ್ತಿ ಹಿಡಿದು ಅಂದರು. ವೇದಿಕೆಯ ಮೇಲಿನ ಹುಡುಗ ಹುಡುಗಿಯರು ತೇಕುತ್ತ, ಏದುಸಿರಿನಲ್ಲಿ, ಪ್ರಾಣ ಉಳಿಸು ತಾಯೀ ಅನ್ನುವಂತೆ, "ಅಕ್ಕಾ! ಅಕ್ಕಾ!" ಎಂದರು.

ಚಿಕ್ಕಮ್ಮ ಯಾರ ಕಡೆಗೂ ನೋಡಲಿಲ್ಲ. ಅವಳು ನೋಡುತ್ತಿದ್ದುದು ಅಮ್ಮನನ್ನು ಮಾತ್ರ. ಅಮ್ಮ ಈಗ ಕಿರುಚದೆ, ಮೆಲ್ಲಗೆ, ಇನ್ನೊಂದು ಸಲ ಹೇಳಿದಳು: "ಅಕ್ಕಾ, ಸಾಕು ಮಾಡೇ."

ಚಿಕ್ಕಮ್ಮ ದೊಣ್ಣೆ ಕುಟ್ಟಿದಳು.

ವೇದಿಕೆಯ ಮೇಲಿದ್ದವರು ಇದ್ದಲ್ಲೇ ಕುಸಿದು ಕೂತರು. ಬಿಳಿ ಲಂಗಗಳ ನೆರಿಗೆಯೆಲ್ಲ ಮುದ್ದೆಯಾಯಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಲೇ ಇದ್ದರು. ಅಮ್ಮ ಮಾತ್ರ ಕುರ್ಚಿಯ ಮುಂದೆ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ಮುಂದೆ ಎಲ್ಲಿಗೆ ಹೋಗಬೇಕೆಂದು ತಿಳಿಯದವಳ ಹಾಗೆ ನಿಂತಿದ್ದಳು. ಅಷ್ಟು ಚಿಕ್ಕವಳಾಗಿ ಅವಳು ನನಗೆ ಎಂದೂ ಕಂಡಿರಲಿಲ್ಲ. ನನಗೆ ಅಳು ಬಂತು, ಸಿಟ್ಟೂ ಬಂತು.

ಚಿಕ್ಕಮ್ಮ ಅವಳ ಕೈ ಹಿಡಿದು ಎಳೆದಳು. "ಬಾರೇ, ಒಂದ್ ಗಳಿಗೆ ಕೂತ್ಕೋ. ಕಾಲು ನೋಯ್ತಿರ್ಬೇಕು ನಿನಗೆ," ಅಂದಳು. ನೀವು ನೀವು ಎಂದೇ ಮಾತಾಡಿಸುತ್ತಿದ್ದ ಬಾಯಿ ಅದು. ಅಮ್ಮ ಬೇಡ ಬೇಡ ಅನ್ನುತ್ತಲೇ ಕೂತಳು. ಆ ಕುರ್ಚಿ ಇಬ್ಬರಿಗೆ ಮಾಡಿಸಿದ್ದಲ್ಲ. ಒಬ್ಬಳ ಅರ್ಧ ಆ ಕೈಯ ಮೇಲೆ, ಇನ್ನೊಬ್ಬಳ ಅರ್ಧ ಈ ಕೈಯ ಮೇಲೆ, ಹೇಗೋ ತುರುಕಿಕೊಂಡರು. ಇಬ್ಬರೂ ಏಳುವ ಲಕ್ಷಣ ಕಾಣಲಿಲ್ಲ.

ಚಿಕ್ಕಪ್ಪ ಮೊಬೈಲು ಹಿಡಿದುಕೊಂಡು, ಹಿಗ್ಗಿದ ಮುಖ ಹೊತ್ತು, ಜನರನ್ನು ಸರಿಸಿಕೊಂಡು ಬಂದ. ಚಿಕ್ಕಮ್ಮ ತಲೆ ತಗ್ಗಿಸಿದಳು. ಅವನು ಕುರ್ಚಿಯನ್ನು ಆ ಕಡೆಯಿಂದ ಈ ಕಡೆಯಿಂದ ನೋಡಿ, "ಅಲ್ಲಾ, ನಾನೆಲ್ಲಿ ಕೂತ್ಕೊಳ್ಲಿ?" ಅಂದ.

ಚಿಕ್ಕಮ್ಮ ತಲೆ ಎತ್ತಿ ಅಮ್ಮನ ಮುಖ ನೋಡಿದಳು. ಅಮ್ಮ ಅವಳ ಮುಖ ನೋಡಿದಳು.

"ಚಿಕ್ಕವ್ರು ನಿಂತ್ಕೋಬೇಕು," ಅಂದರು ಇಬ್ಬರೂ ಒಟ್ಟಿಗೆ.

ಚಿಕ್ಕಪ್ಪ ನಿಂತುಕೊಂಡ.